ಬೆಂಡಿನ ವಿಮಾನ

ಆಷಾಢದ ಗಾಳಿ ಬೀಸತೊಡಗಿದೊಡನೆ ಕನ್ನಡ ನಾಡಿನ ಬಯಲುಸೀಮೆಯ ಊರುಗಳಲ್ಲಿ ಗಾಳಿಪಟಗಳು ಮೇಲೇರುತ್ತವೆ. ಪಟವನ್ನು ಕಟ್ಟುವ ಹುಡುಗನು ಬಿದಿರನ್ನು ಸೀಳಿ ಕಡ್ಡಿ ಮಾಡುತ್ತಾನೆ. ಕಡ್ಡಿಯನ್ನು ಬೆರಳಿನ ಮೇಲೆ ಅಡ್ಡಲಾಗಿ ಇರಿಸಿ ಎರಡು ಕಡೆಯೂ ಸಮತೂಕವಾಗಿದೆಯೇ ಎಂದು ನೋಡುತ್ತಾನೆ. ಕಾಗದವನ್ನು ಅಂಟಿಸಿ, ಸೂತ್ರವನ್ನು ಕಟ್ಟಿ, ಬಾಲಂಗೋಚಿಯನ್ನು ಇಳಿಬಿಡುತ್ತಾನೆ. ಪಟವು ಗಿರಕಿ ಹೊಡೆದರೆ ಬಾಲಂಗೋಚಿಗೆ ಇನ್ನೊಂದು ಗೇಣು ಬಟ್ಟೆ ಸೇರುತ್ತದೆ. ಮೇಲೇರಲು ಹಟ ಮಾಡಿದರೆ ಸೂತ್ರದ ಗಂಟು ಅರ್ಧ ಅಂಗುಲ ಸರಿಯುತ್ತದೆ. ಇದನ್ನೆಲ್ಲ ಯಾವ ಪುಸ್ತಕವೂ ಆತನಿಗೆ ಹೇಳಿಕೊಟ್ಟಿರುವುದಿಲ್ಲ. ಅಣ್ಣಂದಿರನ್ನು ನೋಡಿ ಕಲಿತದ್ದು ಸ್ವಲ್ಪ; ಪಟವೇ ಕಲಿಸಿದ್ದು ಬಹಳ. ಆದರೂ ಇದನ್ನು ವಿದ್ಯೆಯೆಂದು ಒಪ್ಪಿಕೊಳ್ಳುವವರು ವಿರಳ. ಮನೆಯಲ್ಲಿ ಇದು ಕಾಲಹರಣ. ಶಾಲೆಯಲ್ಲಿ ಇದಕ್ಕೆ ಅಂಕಗಳಿಲ್ಲ.

ವಿಮಾನದ ಚರಿತ್ರೆಯಲ್ಲಿ ಗಾಳಿಪಟಕ್ಕೆ ದೊರೆತಿರುವ ಗೌರವವು ಇದಕ್ಕಿಂತ ದೊಡ್ಡದು. 1804ರಲ್ಲಿ ಇಂಗ್ಲೆಂಡಿನ ಯಾರ್ಕ್‌ಷೈರ್ ಪ್ರಾಂತದ ಸರ್ ಜಾರ್ಜ್ ಕೇಯ್ಲಿ ಎಂಬಾತನು ಸುಮಾರು ಐದು ಅಡಿ ಉದ್ದದ ಒಂದು ಕೋಲಿನ ಮುಂಭಾಗಕ್ಕೆ ಗಾಳಿಪಟವೊಂದನ್ನು ತುಸು ಓರೆಯಾಗಿ ಕಟ್ಟಿದನು. ಕೋಲಿನ ಹಿಂತುದಿಗೆ ಶಿಲುಬೆಯಾಕಾರದ ಬಾಲವನ್ನು ಬೇಕಾದತ್ತ ತಿರುಗಿಸಬಹುದಾದಂತೆ ಜೋಡಿಸಿದನು. ಮೂತಿಯ ಬಳಿ ಹಿಂದಕ್ಕೂ ಮುಂದಕ್ಕೂ ಸರಿಸಬಹುದಾದ ಒಂದು ತೂಕವನ್ನು ಇರಿಸಿದನು. ಗುಡ್ಡದ ಮೇಲಿಂದ ಬಿಟ್ಟಾಗ ಅದು ಹಕ್ಕಿಯಂತೆ ತೇಲುತ್ತ ಇಳಿಜಾರಿನುದ್ದಕ್ಕೂ ಸಾಗಿತು. ಅದಕ್ಕೆ ಯಂತ್ರವಿರಲಿಲ್ಲ, ಬಡಿಯುವ ರೆಕ್ಕೆಗಳಿರಲಿಲ್ಲ. ಆದರೂ ಇಂದಿನ ಪ್ರತಿಯೊಂದು ವಿಮಾನದ ಮೂಲರೂಪವು ಆ ಕೋಲಿನಲ್ಲಿತ್ತು: ಎತ್ತುವುದಕ್ಕೆ ಅಲುಗಾಡದ ರೆಕ್ಕೆ, ಅಂಕೆಯಲ್ಲಿಡುವುದಕ್ಕೆ ಬಾಲ, ಸಮತೋಲಕ್ಕೆ ತಕ್ಕ ಜಾಗದಲ್ಲಿ ಭಾರ. ಹಕ್ಕಿಯನ್ನು ಅನುಕರಿಸಲು ಹೋಗಿ ರೆಕ್ಕೆ ಬಡಿಯುವ ಯಂತ್ರಗಳಲ್ಲಿ ಶತಮಾನಗಳನ್ನು ಕಳೆದ ಮಾನವನಿಗೆ ದಾರಿ ತೋರಿದುದು ಮಕ್ಕಳ ಆಟದ ಸಾಮಾನೊಂದು ಎಂದರೆ ತಪ್ಪಾಗದು.

ಅಲ್ಲಿಂದ ಮುಂದಿನ ನೂರು ವರ್ಷಗಳ ಕಥೆಯೂ ಹೆಚ್ಚಾಗಿ ಪುಟ್ಟ ಮಾದರಿಗಳ ಕಥೆಯೇ. 1871ರಲ್ಲಿ ಆಲ್ಫಾನ್ಸ್ ಪೆನೋ ಎಂಬ ಇಪ್ಪತ್ತೊಂದು ವರ್ಷದ ಫ್ರೆಂಚ್ ತರುಣನು ಪ್ಯಾರಿಸಿನ ತೊಯಿಲರಿ ಉದ್ಯಾನದಲ್ಲಿ ಜನರೆದುರಿಗೆ ತನ್ನ ಮಾದರಿಯೊಂದನ್ನು ಹಾರಿಸಿದನು. ತಿರುಚಿದ ರಬ್ಬರ್ ಎಳೆಯ ಬಲದಿಂದ ಪ್ರೊಪೆಲರ್ ತಿರುಗುತ್ತಿತ್ತು. ಇಡೀ ವಿಮಾನದ ತೂಕ ಸುಮಾರು 16 ಗ್ರಾಂ. ಅದು 11 ಸೆಕೆಂಡುಗಳ ಕಾಲ ಗಾಳಿಯಲ್ಲಿದ್ದು ಸುಮಾರು 40 ಮೀಟರ್ ದೂರ ಹೋಯಿತು. ಬಾಲವನ್ನು ರೆಕ್ಕೆಗಿಂತ ತುಸು ಬೇರೆ ಕೋನದಲ್ಲಿರಿಸಿದರೆ ವಿಮಾನವು ತಾನಾಗಿಯೇ ನೆಟ್ಟಗೆ ನಿಲ್ಲುವುದೆಂಬ ಗುಟ್ಟನ್ನು ಆತನು ಕಂಡುಕೊಂಡಿದ್ದನು. ಅದೇ ಪೆನೋ ಕಲ್ಪಿಸಿದ್ದ ರಬ್ಬರ್ ಎಳೆಯ ಹೆಲಿಕಾಪ್ಟರ್ ಆಟಿಕೆಯೊಂದನ್ನು 1878ರಲ್ಲಿ ಅಮೆರಿಕದ ಮಿಲ್ಟನ್ ರೈಟ್ ಎಂಬ ಪಾದ್ರಿಯು ಊರಿನಿಂದ ಬರುವಾಗ ತನ್ನ ಮಕ್ಕಳಿಗೆ ತಂದುಕೊಟ್ಟನು. ವಿಲ್ಬರನಿಗೆ ಆಗ ಹನ್ನೊಂದು ವರ್ಷ, ಆರ್ವಿಲನಿಗೆ ಏಳು.

ಆ ಆಟಿಕೆ ಬೇಗನೆ ಮುರಿದುಹೋಯಿತು. ಅದನ್ನೇ ಹೋಲುವ ಆಟಿಕೆಗಳನ್ನು ಹುಡುಗರು ತಾವೇ ಮಾಡತೊಡಗಿದರು. ಚಿಕ್ಕವು ಹಾರಿದುವು. ಇನ್ನೂ ದೊಡ್ಡದಾಗಿ ಮಾಡಿದಷ್ಟೂ ಅವು ಹಾರಲು ನಿರಾಕರಿಸಿದುವು. ಉದ್ದವನ್ನು ಎರಡು ಪಟ್ಟು ಮಾಡಿದರೆ ಎಂಟು ಪಟ್ಟು ಶಕ್ತಿ ಬೇಕಾಗುವುದೆಂಬ ಸಂಗತಿ ಆಗ ತಮಗೆ ತಿಳಿದಿರಲಿಲ್ಲವೆಂದು ಆ ಸೋದರರು ದೊಡ್ಡವರಾದ ಮೇಲೆ ಬರೆದರು. ಅಂಗಡಿಯಿಂದ ತಂದ ಆಟಿಕೆಯೊಂದಿಗೇ ಅವರ ಕುತೂಹಲವು ಮುಗಿದಿದ್ದರೆ ಈ ಪ್ರಶ್ನೆಯೇ ಅವರಿಗೆ ಎದುರಾಗುತ್ತಿರಲಿಲ್ಲ. ಹಾರಿದ ಆಟಿಕೆ ಅವರಿಗೆ ಸಂತೋಷವನ್ನು ಕೊಟ್ಟಿತು. ಹಾರದ ಆಟಿಕೆ ಪ್ರಶ್ನೆಯನ್ನು ಕೊಟ್ಟಿತು.

ಇದೇ ಪ್ರಶ್ನೆಯು ದೊಡ್ಡವರನ್ನೂ ಕಾಡದೆ ಬಿಡಲಿಲ್ಲ. ಸ್ಮಿತ್‌ಸೋನಿಯನ್ ಸಂಸ್ಥೆಯ ಕಾರ್ಯದರ್ಶಿಯಾಗಿದ್ದ ಸ್ಯಾಮ್ಯುಯೆಲ್ ಲ್ಯಾಂಗ್ಲಿ ಪ್ರಸಿದ್ಧ ವಿಜ್ಞಾನಿ. 1896ರ ಮೇ ತಿಂಗಳಿನಲ್ಲಿ ಆತನ ಉಗಿಯಂತ್ರದ ಮಾದರಿಯು ಪೊಟೋಮ್ಯಾಕ್ ನದಿಯ ಮೇಲೆ ಸುಮಾರು ಒಂದು ಕಿಲೋಮೀಟರ್ ಹಾರಿತು. ಮನುಷ್ಯನಿಲ್ಲದ ಯಂತ್ರವೊಂದು ಅಷ್ಟು ದೂರ ಹಾರಿದುದು ಅದೇ ಮೊದಲು. ಅದರಿಂದ ಉತ್ತೇಜಿತನಾಗಿ ಆತನು ಸರ್ಕಾರದ 50,000 ಡಾಲರುಗಳ ನೆರವಿನಿಂದ ಅದೇ ಆಕಾರವನ್ನು ಮನುಷ್ಯನನ್ನು ಹೊರುವಷ್ಟು ದೊಡ್ಡದಾಗಿ ಕಟ್ಟಿಸಿದನು. 1903ರ ಅಕ್ಟೋಬರ್ 7ರಂದು ಒಮ್ಮೆ, ಡಿಸೆಂಬರ್ 8ರಂದು ಇನ್ನೊಮ್ಮೆ ಅದು ನದಿಯ ಪಾಲಾಯಿತು. ಇದಾದ ಒಂಬತ್ತೇ ದಿನಗಳಲ್ಲಿ, ಡಿಸೆಂಬರ್ 17ರಂದು, ಸೈಕಲ್ ಅಂಗಡಿಯ ಒಡೆಯರಾದ ರೈಟ್ ಸೋದರರು ಕಿಟಿ ಹಾಕ್ ಸಮೀಪದ ಮರಳುದಿಬ್ಬಗಳ ಬಳಿ 12 ಸೆಕೆಂಡುಗಳ ಕಾಲ ಹಾರಿದರು.

ಸೈಕಲ್ ಅಂಗಡಿಯವರಿಗೆ ಒಲಿದ ವಿದ್ಯೆ ಪಂಡಿತನಿಗೆ ಒಲಿಯಲಿಲ್ಲವೆಂದು ಹೇಳಿ ಕಥೆಯನ್ನು ಮುಗಿಸಿಬಿಡುವವರುಂಟು. ಅದು ಅರ್ಧಸತ್ಯ. ರೈಟ್ ಸೋದರರು ಪುಸ್ತಕಗಳನ್ನು ಶ್ರದ್ಧೆಯಿಂದ ಓದಿದವರು. 1901ರಲ್ಲಿ ಅವರು ಅಂದಿನ ಕೋಷ್ಟಕಗಳನ್ನು ನಂಬಿ ಕಟ್ಟಿದ ಗ್ಲೈಡರಿನ ಎತ್ತುವ ಬಲವು ಲೆಕ್ಕದ ಸುಮಾರು ಮೂರನೆಯ ಒಂದು ಭಾಗದಷ್ಟೇ ಇತ್ತು. ಆಗ ಅವರು ಅಂಗಡಿಯಲ್ಲಿಯೇ ಆರು ಅಡಿ ಉದ್ದದ ಮರದ ಪೆಟ್ಟಿಗೆಯೊಂದನ್ನು ಮಾಡಿ, ಫ್ಯಾನಿನಿಂದ ಅದರೊಳಗೆ ಗಾಳಿಯನ್ನು ಹಾಯಿಸಿ, ಹಾಕ್ಸಾ ಬ್ಲೇಡು ಮತ್ತು ಸೈಕಲ್ ಕಡ್ಡಿಗಳಿಂದ ರಚಿಸಿದ ತಕ್ಕಡಿಗೆ ಅಂಗೈಯಲ್ಲಿ ಹಿಡಿಯಬಹುದಾದ ರೆಕ್ಕೆಗಳನ್ನು ಸಿಕ್ಕಿಸಿ ಒಂದೊಂದನ್ನೂ ಅಳೆದರು. ಸುಮಾರು ಇನ್ನೂರು ಆಕಾರಗಳು ಆ ಪೆಟ್ಟಿಗೆಯೊಳಗೆ ಹೋಗಿಬಂದುವು. ಮುಂದಿನ ವಿಮಾನವನ್ನು ಅವರು ಸ್ವಂತ ಕೋಷ್ಟಕದಿಂದ ಕಟ್ಟಿದರು. ಅವರಿಗೂ ಲ್ಯಾಂಗ್ಲಿಗೂ ಇದ್ದ ಅಂತರವು ವಿದ್ಯೆಯದಲ್ಲ; ಅಳೆದು, ಸರಿಪಡಿಸಿ, ಮತ್ತೆ ಅಳೆಯುವ ತಾಳ್ಮೆಯದು.

ಇಂದು ಇಂಥ ಮಾದರಿಯನ್ನು ಮಾಡಲು ಬೇಕಾದ ಸಾಮಗ್ರಿಯು ರೈಟ್ ಸೋದರರ ಕನಸಿನಲ್ಲಿಯೂ ಇರಲಿಲ್ಲ. ಮದುವೆಯ ಮಂಟಪದ ಅಲಂಕಾರಕ್ಕೆ ಬಳಸುವ, ಟೆಲಿವಿಷನ್ ಪೆಟ್ಟಿಗೆಯೊಳಗೆ ತುಂಬಿ ಬರುವ ಥರ್ಮೋಕೋಲನ್ನು ನೋಡದವರಿಲ್ಲ. ಹಿಂದೆ ಬಾಸಿಂಗಕ್ಕೆ ಬಳಸುತ್ತಿದ್ದ ಬೆಂಡಿನ ಜಾಗವನ್ನು ಹಲವೆಡೆ ಇದು ಆಕ್ರಮಿಸಿದೆ. ಇದರ ಗಾತ್ರದಲ್ಲಿ ನೂರಕ್ಕೆ ತೊಂಬತ್ತೆಂಟು ಪಾಲು ಗಾಳಿಯೇ. ಬೆರಳುಗಾತ್ರದ ಮೋಟಾರು, ಬೆಂಕಿಪೆಟ್ಟಿಗೆಯಷ್ಟರ ರೇಡಿಯೊ ಗ್ರಾಹಕ, ಒಂಬತ್ತೇ ಗ್ರಾಂ ತೂಗುವ ಸರ್ವೊ ಮೋಟಾರು, ಹಗುರವಾದ ಲಿಥಿಯಂ ಬ್ಯಾಟರಿ ಇವೆಲ್ಲ ನಗರದ ಅಂಗಡಿಗಳಲ್ಲಿ ದೊರೆಯುತ್ತವೆ. 1937ರಲ್ಲಿ ಅಮೆರಿಕದ ವಾಲ್ಟರ್ ಗುಡ್, ವಿಲಿಯಂ ಗುಡ್ ಎಂಬ ಅವಳಿ ಸೋದರರು ರೇಡಿಯೊ ಅಲೆಗಳಿಂದ ಮಾದರಿ ವಿಮಾನವೊಂದನ್ನು ನಿಯಂತ್ರಿಸಿದಾಗ ಅದರ ರೇಡಿಯೊವನ್ನು ಅವರೇ ಕಟ್ಟಬೇಕಾಗಿತ್ತು. ಇಂದು ಆ ತೊಡಕು ಇಲ್ಲ.

ತೊಡಕು ಬೇರೆ ಕಡೆಗೆ ಬಂದು ಕುಳಿತಿದೆ. ರೆಕ್ಕೆ, ಬಾಲ, ಯಂತ್ರ ಎಲ್ಲವೂ ಜೋಡಿಸಿಯೇ ಇರುವ ವಿಮಾನವು ಬಣ್ಣದ ಪೆಟ್ಟಿಗೆಯಲ್ಲಿ ಕೊಳ್ಳಲು ಸಿಗುತ್ತದೆ. ಹಣವನ್ನು ಕೊಟ್ಟು ತಂದು, ಬ್ಯಾಟರಿಯನ್ನು ತುಂಬಿಸಿ, ಗುಂಡಿಯನ್ನು ಒತ್ತಿದರೆ ಆಯಿತು. ಹಾರಿಸುವ ಆನಂದವನ್ನು ಯಾರೂ ಅಲ್ಲಗಳೆಯಬೇಕಾಗಿಲ್ಲ. ಆದರೆ ಅದನ್ನು ವಿಜ್ಞಾನದ ಕಲಿಕೆಯೆಂದು ಕರೆದು ಪ್ರದರ್ಶನದ ಮೇಜಿನ ಮೇಲೆ ಇರಿಸುವುದು ಬೇರೆ ಮಾತು. ಶಾಲೆಗಳ ವಿಜ್ಞಾನ ಪ್ರದರ್ಶನಗಳಲ್ಲಿ ಕೊಂಡು ತಂದ ಮಾದರಿಗೆ ಬಹುಮಾನ ಬರುವುದೂ, ಮಗುವು ತಾನೇ ಕತ್ತರಿಸಿ ಅಂಟಿಸಿದ ಸೊಟ್ಟ ಮಾದರಿಯು ಹಿಂದಿನ ಸಾಲಿಗೆ ಸರಿಯುವುದೂ ಅಪರೂಪವಲ್ಲ. ತೀರ್ಪುಗಾರರು ಒಂದೇ ಒಂದು ಪ್ರಶ್ನೆಯನ್ನು ಕೇಳಿದರೆ ಸಾಕು: “ಇದರ ರೆಕ್ಕೆ ಇಷ್ಟೇ ಅಗಲವೇಕೆ?” ಕೊಂಡು ತಂದವನು ಪೆಟ್ಟಿಗೆಯ ಕಡೆಗೆ ನೋಡುತ್ತಾನೆ. ಮಾಡಿದವನು ಸರಿಯೋ ತಪ್ಪೋ ಒಂದು ಉತ್ತರವನ್ನು ಕೊಡುತ್ತಾನೆ.

ಆ ಉತ್ತರವು ಹುಟ್ಟುವ ಬಗೆಯನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು. ಒಂಬತ್ತನೆಯ ತರಗತಿಯ ನಾಲ್ವರು ಹುಡುಗ ಹುಡುಗಿಯರು ಇಂಥದೊಂದು ವಿಮಾನವನ್ನು ಮೊದಲಿನಿಂದ ಮಾಡಲು ಕುಳಿತರೆಂದು ಭಾವಿಸೋಣ. ಚಿತ್ರ ಬರೆಯಲು ಅವರ ಕೈ ತವಕಿಸುತ್ತದೆ. ಆದರೆ ಮೊದಲು ಬರಬೇಕಾದುದು ಚಿತ್ರವಲ್ಲ, ತೂಕ. ಭಾರತದಲ್ಲಿ 2021ರಲ್ಲಿ ಹೊರಬಂದ ಡ್ರೋನ್ ನಿಯಮಗಳು 250 ಗ್ರಾಂವರೆಗಿನ ಹಾರುವ ಸಾಧನಗಳನ್ನು ‘ನ್ಯಾನೊ’ ಎಂಬ ಅತ್ಯಂತ ಚಿಕ್ಕ ವರ್ಗದಲ್ಲಿ ಸೇರಿಸಿದುವು. ಆ ಎಲ್ಲೆಯೊಳಗೆ, 240 ಗ್ರಾಂಗೆ, ವಿಮಾನವನ್ನು ಮುಗಿಸಬೇಕೆಂದು ಮಕ್ಕಳು ನಿಶ್ಚಯಿಸುತ್ತಾರೆ. ಮೋಟಾರಿಗೆ 20 ಗ್ರಾಂ, ಅದರ ವೇಗನಿಯಂತ್ರಕಕ್ಕೆ 10, ಎರಡು ಸರ್ವೊಗಳಿಗೆ 18, ಗ್ರಾಹಕಕ್ಕೆ 7, ಬ್ಯಾಟರಿಗೆ 35, ಪ್ರೊಪೆಲರಿಗೆ 5, ಒಟ್ಟು 95. ಉಳಿದ 145 ಗ್ರಾಂನಲ್ಲಿ ಬೆಂಡು, ಬಿದಿರು, ತಂತಿ, ಅಂಟು, ಟೇಪು ಎಲ್ಲವೂ ಅಡಕವಾಗಬೇಕು. ಅಕ್ಕಸಾಲಿಗನ ತಕ್ಕಡಿ ಬೇಡವಾದರೂ ಅಡುಗೆಮನೆಯ ತಕ್ಕಡಿ ಸಾಲದು. ಗ್ರಾಂಗಳನ್ನು ತೋರಿಸುವ ಚಿಕ್ಕ ತಕ್ಕಡಿಯೊಂದು ಬೇಕು.

ಅನಂತರ ರೆಕ್ಕೆ. ತುದಿಯಿಂದ ತುದಿಗೆ 80 ಸೆಂಟಿಮೀಟರ್ ಉದ್ದ, 16 ಸೆಂಟಿಮೀಟರ್ ಅಗಲ ಎಂದಿಟ್ಟುಕೊಂಡರೆ ವಿಸ್ತೀರ್ಣವು 1280 ಚದರ ಸೆಂಟಿಮೀಟರ್ ಆಗುತ್ತದೆ. ಪ್ರತಿ ನೂರು ಚದರ ಸೆಂಟಿಮೀಟರು ಸುಮಾರು 19 ಗ್ರಾಂ ಭಾರವನ್ನು ಹೊರಬೇಕು. ಈ ರೆಕ್ಕೆಯು ವಿಮಾನವನ್ನು ಎತ್ತಿ ಹಿಡಿಯಬೇಕಾದರೆ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 6 ಮೀಟರಿಗಿಂತ ಕಡಮೆಯಲ್ಲದ ವೇಗವು ಬೇಕಾಗುವುದೆಂದು ಲೆಕ್ಕವು ತಿಳಿಸುತ್ತದೆ. ಅಂದರೆ ಗಂಟೆಗೆ ಇಪ್ಪತ್ತು, ಇಪ್ಪತ್ತೆರಡು ಕಿಲೋಮೀಟರ್. ಸೈಕಲನ್ನು ಭರದಿಂದ ತುಳಿಯುವವನ ವೇಗ. ಅದೇ ರೆಕ್ಕೆಯ ಮೇಲೆ ಎರಡರಷ್ಟು ತೂಕವನ್ನು ಹೇರಿದರೆ ವೇಗವು 1.4 ಪಟ್ಟು ಆಗಬೇಕು. ಆಗ ನೆಲಕ್ಕೆ ಬಡಿದರೆ ಪೆಟ್ಟಿನ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಹಗುರವಾದುದು ಬದುಕುವುದಕ್ಕೂ ಭಾರವಾದುದು ಚೂರಾಗುವುದಕ್ಕೂ ಇದೇ ಕಾರಣ. ಇನ್ನೂ ಒಂದು ಸ್ವಾರಸ್ಯವುಂಟು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವುದರಿಂದ ಅಲ್ಲಿನ ಗಾಳಿಯು ಮಂಗಳೂರಿನ ಗಾಳಿಗಿಂತ ತೆಳುವಾದುದು. ಅದೇ ವಿಮಾನವು ಬೆಂಗಳೂರಿನಲ್ಲಿ ನೂರಕ್ಕೆ ಐದರಷ್ಟು ಹೆಚ್ಚು ವೇಗವಾಗಿ ಹಾರಬೇಕು.

ಬಾಲಕ್ಕೆ ರೆಕ್ಕೆಯ ಐದನೆಯ ಒಂದು ಪಾಲು ವಿಸ್ತೀರ್ಣವು ಸಾಕು. 36 ಸೆಂಟಿಮೀಟರ್ ಉದ್ದ, 7 ಸೆಂಟಿಮೀಟರ್ ಅಗಲದ ಹಲಗೆ. ಅದರ ಮೇಲೆ ನಿಂತ ಚುಕ್ಕಾಣಿಯ ಪಟ್ಟಿಗೆ ಇದರ ಅರ್ಧ. ರೆಕ್ಕೆಯ ಎರಡು ತುದಿಗಳೂ ನಡುವಿಗಿಂತ ನಾಲ್ಕು ಸೆಂಟಿಮೀಟರಿನಷ್ಟು ಮೇಲಿರುವಂತೆ ಬಾಗಿಸಿದರೆ ವಿಮಾನವು ಒಂದು ಕಡೆಗೆ ವಾಲಿದಾಗ ತಾನೇ ಚೇತರಿಸಿಕೊಳ್ಳುತ್ತದೆ. ಬರಿಯ ಬೆಂಡು ಬಾಗುವುದಾದುದರಿಂದ ರೆಕ್ಕೆಯ ಉದ್ದಕ್ಕೂ ಸೀಳು ಮಾಡಿ ಬಿದಿರಿನ ಕಡ್ಡಿಯನ್ನು ಹುದುಗಿಸಬೇಕು. ಇಲ್ಲಿ ಗಾಳಿಪಟದ ಹುಡುಗನು ಉಳಿದವರಿಗೆ ಗುರುವಾಗುತ್ತಾನೆ. ಯಾವ ಬಿದಿರು ಬಳುಕುತ್ತದೆ, ಯಾವುದು ಸಿಡಿಯುತ್ತದೆ, ಗಿಣ್ಣನ್ನು ಹೇಗೆ ಹೆರೆಯಬೇಕು ಎಂಬುದು ಆತನಿಗೆ ಗೊತ್ತು. ಪೆಟ್ರೋಲಿನಂಥ ದ್ರಾವಕವಿರುವ ಅಂಟನ್ನು ಸವರಿದರೆ ಬೆಂಡು ಮಂಜಿನಂತೆ ಕರಗಿಹೋಗುವುದೆಂಬುದನ್ನು ಮಾತ್ರ ಎಲ್ಲರೂ ಒಂದು ತುಂಡನ್ನು ಕಳೆದುಕೊಂಡು ಕಲಿಯುತ್ತಾರೆ. ಮರಗೆಲಸದ ಬಿಳಿಯ ಅಂಟು ಸಾಕೆಂದು ಆಮೇಲೆ ಗೊತ್ತಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ಪಾಠವು ಗುರುತ್ವ ಕೇಂದ್ರದ್ದು. ರೆಕ್ಕೆಯ ಮುಂದಂಚಿನಿಂದ ಅಗಲದ ನಾಲ್ಕನೆಯ ಒಂದು ಭಾಗ ಹಿಂದಕ್ಕೆ, ಅಂದರೆ 4 ಸೆಂಟಿಮೀಟರಿನಲ್ಲಿ, ಎರಡು ಕಡೆಯೂ ಬೆರಳ ತುದಿಯನ್ನು ಆನಿಸಿ ಎತ್ತಿದರೆ ವಿಮಾನವು ಸಮನಾಗಿ ನಿಲ್ಲಬೇಕು. ಅದು 5 ಸೆಂಟಿಮೀಟರಿಗೆ ಸರಿದರೂ ನಡೆದೀತು. ಇನ್ನೂ ಹಿಂದಕ್ಕೆ ಸರಿದರೆ ವಿಮಾನವು ಯಾರ ಮಾತನ್ನೂ ಕೇಳುವುದಿಲ್ಲ. ಮೊದಲ ಸಲ ಎತ್ತಿದಾಗ ಬಾಲವು ಕೆಳಗೆ ಜೋಲುವುದು ಬಹುಮಟ್ಟಿಗೆ ಖಂಡಿತ. ಏಕೆಂದರೆ ಬಾಲವು ಗಟ್ಟಿಯಾಗಿರಲೆಂದು ಮಕ್ಕಳು ಅಲ್ಲಿ ಅಂಟನ್ನು ಧಾರಾಳವಾಗಿ ಬಳಸಿರುತ್ತಾರೆ. ಬಾಲವು ಸಮತೋಲದ ಬಿಂದುವಿನಿಂದ 45 ಸೆಂಟಿಮೀಟರ್ ಹಿಂದಿದೆ. ಬ್ಯಾಟರಿಯು 15 ಸೆಂಟಿಮೀಟರ್ ಮುಂದಿದೆ. ಸನ್ನೆಯ ನಿಯಮದಂತೆ ಬಾಲದಲ್ಲಿ ಹೆಚ್ಚಾದ ಒಂದು ಗ್ರಾಂ ಅಂಟನ್ನು ಸರಿದೂಗಿಸಲು ಮೂಗಿನಲ್ಲಿ ಮೂರು ಗ್ರಾಂ ಬೇಕು. ಏಳನೆಯ ಅಥವಾ ಎಂಟನೆಯ ತರಗತಿಯಲ್ಲಿ ಬಾಯಿಪಾಠ ಮಾಡಿ ಅಂಕಗಳನ್ನು ಗಳಿಸಿ ಮರೆತುಬಿಟ್ಟಿದ್ದ ಆ ನಿಯಮವು ಈಗ ಕೈಬೆರಳುಗಳ ಮೇಲೆ ಬಂದು ಕುಳಿತುಕೊಳ್ಳುತ್ತದೆ. ಮಕ್ಕಳು ಬ್ಯಾಟರಿಯನ್ನು ಮುಂದಕ್ಕೆ ಸರಿಸುತ್ತಾರೆ. ಎರಡು ಶತಮಾನಗಳ ಹಿಂದೆ ಯಾರ್ಕ್‌ಷೈರಿನ ಗುಡ್ಡದ ಮೇಲೆ ಕೇಯ್ಲಿ ಸರಿಸಿದ ತೂಕವೂ ಇದೇ.

ಮೋಟಾರನ್ನು ತಿರುಗಿಸುವ ಮೊದಲು ವಿಮಾನವನ್ನು ಹುಲ್ಲಿನ ಮೇಲೆ ಕೈಯಿಂದ ಎಸೆದು ನೋಡಬೇಕು. ಭುಜದ ಎತ್ತರದಿಂದ, ಗಾಳಿಗೆ ಎದುರಾಗಿ, ಮೂಗನ್ನು ತುಸು ಕೆಳಗೆ ಮಾಡಿ ನೇರವಾಗಿ ತಳ್ಳುವುದು ಕ್ರಮ, ಕಲ್ಲೆಸೆದಂತೆ ಎಸೆಯಬಾರದು. ಮೂಗನ್ನು ಮೇಲಕ್ಕೆತ್ತಿ, ಒಂದು ಕ್ಷಣ ನಿಂತು, ದೊಪ್ಪನೆ ಬಿದ್ದರೆ ಭಾರವು ಹಿಂದೆ ಉಳಿದಿದೆ ಅಥವಾ ಬಾಲದ ಕೋನವು ತಪ್ಪಿದೆ. ನೇರವಾಗಿ ನೆಲಕ್ಕೆ ಮುಗ್ಗರಿಸಿದರೆ ಭಾರವು ಮುಂದೆ ಹೆಚ್ಚಾಗಿದೆ. ಎಡಕ್ಕೇ ತಿರುಗುತ್ತಿದ್ದರೆ ಒಂದು ರೆಕ್ಕೆ ತಿರುಚಿಕೊಂಡಿದೆ. ಪ್ರತಿ ಎಸೆತಕ್ಕೆ ಒಂದೇ ಬದಲಾವಣೆಯನ್ನು ಮಾಡಬೇಕು. ಎರಡನ್ನು ಮಾಡಿದರೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ. ವೈಜ್ಞಾನಿಕ ಪದ್ಧತಿಯ ಬಗ್ಗೆ ಪುಸ್ತಕದಲ್ಲಿ ಎರಡು ಪುಟಗಳಿರುತ್ತವೆ. ಅದರ ತಿರುಳು ಹುಲ್ಲಿನ ಮೇಲಿನ ಈ ಹತ್ತು ಎಸೆತಗಳಲ್ಲಿದೆ. ಶಾಲೆಯ ಲೆಕ್ಕಗಳಿಗೆ ಪುಸ್ತಕದ ಕೊನೆಯಲ್ಲಿ ಉತ್ತರಗಳಿರುತ್ತವೆ. ಅವೂ ಸಾಲದಾದಾಗ ಅಂಗಡಿಯಲ್ಲಿ ಗೈಡುಗಳಿರುತ್ತವೆ. ಈ ಲೆಕ್ಕದ ಉತ್ತರವನ್ನು ಯಾರೂ ಅಚ್ಚು ಹಾಕಿಲ್ಲ. ಉತ್ತಮ ಅಂಕಗಳನ್ನು ಪಡೆಯುವ ಮಗುವು ಇಲ್ಲಿ ಮೊದಮೊದಲು ಕಂಗೆಡುವುದೂ, ತರಗತಿಯಲ್ಲಿ ಹಿಂದುಳಿದಿದ್ದ ಮಗುವು ಮುಂದೆ ಬರುವುದೂ ಇದಕ್ಕಾಗಿಯೇ.

ಇದಕ್ಕೆ ಆಕ್ಷೇಪಣೆಗಳು ಇಲ್ಲದಿಲ್ಲ. ಇದು ದುಡ್ಡಿದ್ದವರ ಆಟವೆಂಬುದು ಮೊದಲನೆಯದು. ರೇಡಿಯೊ, ಮೋಟಾರು, ಬ್ಯಾಟರಿಗಳಿಗೆ ಕೆಲವು ಸಾವಿರ ರೂಪಾಯಿಗಳಾಗುವುದು ನಿಜ. ಕೂಲಿಯಿಂದ ಜೀವಿಸುವ ತಂದೆತಾಯಿಗಳನ್ನು ಇದಕ್ಕಾಗಿ ಪೀಡಿಸುವುದು ಸಲ್ಲದು. ಆದರೆ ಶಾಲೆಗೆ ಒಂದು ರೇಡಿಯೊ ಸಾಕು. ವಿಮಾನವು ಮುರಿದರೂ ಅದು ಮುರಿಯುವುದಿಲ್ಲ. ವರ್ಷ ವರ್ಷವೂ ಹೊಸ ಬೆಂಡಿನ ಮೈಗಳಿಗೆ ಅದೇ ಯಂತ್ರವನ್ನು ಕೂಡಿಸಬಹುದು. ಅಷ್ಟೂ ಸಾಧ್ಯವಾಗದಿದ್ದರೆ ಯಂತ್ರವಿಲ್ಲದ ಗ್ಲೈಡರನ್ನು ಮಾಡಲಿ. ಒಂದು ಬೆಂಡಿನ ಹಾಳೆ, ಒಂದು ಬಿದಿರಿನ ಕಡ್ಡಿ, ಮೂಗಿನ ಭಾರಕ್ಕೆ ಒಂದು ರೂಪಾಯಿಯ ನಾಣ್ಯ. ಮೇಲೆ ಹೇಳಿದ ಪಾಠಗಳಲ್ಲಿ ಮುಕ್ಕಾಲು ಪಾಲು ಇಷ್ಟರಿಂದಲೇ ದೊರೆಯುತ್ತವೆ. ಕೇಯ್ಲಿಗೆ ಮೋಟಾರು ಎಲ್ಲಿತ್ತು?

ಥರ್ಮೋಕೋಲು ಮಣ್ಣಿನಲ್ಲಿ ಕರಗದ ಕಸವಲ್ಲವೇ ಎಂಬುದು ಎರಡನೆಯ ಆಕ್ಷೇಪಣೆ. ಇದು ನ್ಯಾಯವಾದುದು, ಇದಕ್ಕೆ ಪೂರ್ಣ ಸಮಾಧಾನವಿಲ್ಲ. ಪೆಟ್ಟಿಗೆಗಳಿಂದ ಹೊರಬಂದು ತಿಪ್ಪೆಗೆ ಹೋಗುವ ಬೆಂಡನ್ನೇ ಆರಿಸಿಕೊಳ್ಳುವುದು, ಮುರಿದ ರೆಕ್ಕೆಯನ್ನು ಎಸೆಯದೆ ಅಂಟಿಸಿ ಮತ್ತೆ ಬಳಸುವುದು, ಮೈದಾನದಲ್ಲಿ ಬಿದ್ದ ಬಿಳಿಯ ಹರಳುಗಳನ್ನು ಹೆಕ್ಕಿ ತರುವುದು ಮಾಡುವವರ ಹೊಣೆ. ಕಾದ ತಂತಿಯಿಂದ ಬೆಂಡನ್ನು ಕತ್ತರಿಸುವಾಗ ಏಳುವ ಹೊಗೆಯು ಆರೋಗ್ಯಕ್ಕೆ ಕೆಟ್ಟದ್ದಾದುದರಿಂದ ಆ ಕೆಲಸವು ಬಯಲಿನಲ್ಲಿ, ಹಿರಿಯರ ಎದುರಿನಲ್ಲಿ ನಡೆಯಬೇಕು. ತಿರುಗುವ ಪ್ರೊಪೆಲರು ಬೆರಳನ್ನು ಸೀಳಬಲ್ಲದು. ಲಿಥಿಯಂ ಬ್ಯಾಟರಿಯನ್ನು ಕಾಯುವವರಿಲ್ಲದೆ ಚಾರ್ಜಿಗೆ ಇಟ್ಟರೆ, ಪೆಟ್ಟಾದದ್ದನ್ನು ಬಳಸಿದರೆ ಬೆಂಕಿ ಹತ್ತಬಹುದು. ಜನಸಂದಣಿಯ ಮೇಲೆ, ವಿಮಾನ ನಿಲ್ದಾಣದ ಸಮೀಪದಲ್ಲಿ, ವಿದ್ಯುತ್ ತಂತಿಗಳ ಬಳಿಯಲ್ಲಿ ಹಾರಿಸತಕ್ಕದ್ದಲ್ಲ. ಎಲ್ಲಿ ಹಾರಿಸಬಹುದು, ಎಲ್ಲಿ ಕೂಡದು ಎಂಬ ನಿಯಮಗಳನ್ನು ಶಿಕ್ಷಕರು ಮುಂದಾಗಿಯೇ ವಿಚಾರಿಸಿ ತಿಳಿದಿರಬೇಕು.

ಪರೀಕ್ಷೆಯ ಪಾಠಗಳಿಗೇ ಸಮಯವಿಲ್ಲದಿರುವಾಗ ಇದೆಲ್ಲ ಏಕೆ ಎಂಬ ಮೂರನೆಯ ಆಕ್ಷೇಪಣೆಯೇ ಹೆಚ್ಚು ಬಲವಾಗಿ ಕೇಳಿಬರುವುದು. ಇದರ ಹಿಂದೆ ಸಮಯದ ಕೊರತೆಗಿಂತ ಹಳೆಯದೊಂದು ಭಾವನೆಯೂ ಅಡಗಿದೆ. ತಲೆಯಿಂದ ಮಾಡುವ ಕೆಲಸವು ಮೇಲು, ಕೈಯಿಂದ ಮಾಡುವುದು ಕೀಳು ಎಂಬ ಆ ಭಾವನೆಯು ಈ ನಾಡಿನ ಬಡಗಿ ಕಮ್ಮಾರರನ್ನು ಪಾಠಶಾಲೆಯಿಂದ ಬಹುಕಾಲ ದೂರವಿರಿಸಿತು. ಪಾಠಶಾಲೆಯಲ್ಲಿ ಓದಿದವರನ್ನು ಉಳಿ ಸುತ್ತಿಗೆಗಳಿಂದ ದೂರವಿರಿಸಿತು. ಎರಡರಿಂದಲೂ ನಷ್ಟವೇ ಆಯಿತು. ವಿಮಾನದಂಥ ಕೆಲಸದಲ್ಲಿ ತಲೆ ಎಲ್ಲಿ ನಿಂತಿತು, ಕೈ ಎಲ್ಲಿ ಮೊದಲಾಯಿತು ಎಂದು ಗೆರೆ ಎಳೆಯಲಾಗುವುದಿಲ್ಲ. ಅರ್ಧ ಮಿಲಿಮೀಟರ್ ಸೊಟ್ಟಗೆ ಹೆರೆದ ರೆಕ್ಕೆಯು ಎಷ್ಟೇ ಸರಿಯಾದ ಲೆಕ್ಕವನ್ನೂ ಸುಳ್ಳು ಮಾಡುತ್ತದೆ.

ಈ ಮಾತನ್ನು ಕರ್ನಾಟಕದಲ್ಲಿ ಹೇಳಬೇಕಾಗಿ ಬಂದಿರುವುದೇ ಆಶ್ಚರ್ಯ. 1940ರಲ್ಲಿ ವಾಲ್‌ಚಂದ್ ಹೀರಾಚಂದರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಯನ್ನು ಸ್ಥಾಪಿಸಿದರು. ಭಾರತೀಯ ವಿಜ್ಞಾನ ಮಂದಿರದಲ್ಲಿ 1942ರಲ್ಲಿ ವಿಮಾನಶಾಸ್ತ್ರದ ವಿಭಾಗವು ಪ್ರಾರಂಭವಾಯಿತು. ಡಾಕ್ಟರ್ ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ಇಲ್ಲಿಯೇ ರೂಪುಗೊಂಡ ಎಚ್‌ಟಿ-2 ಎಂಬ ತರಬೇತಿ ವಿಮಾನವು 1951ರಲ್ಲಿ ಹಾರಿತು. ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದಲ್ಲಿ 1967ರಲ್ಲಿ ಆರಂಭವಾದ ವಾಯುಸುರಂಗದೊಳಗೆ ದೇಶದ ರಾಕೆಟ್ಟುಗಳ, ಯುದ್ಧವಿಮಾನಗಳ ಪುಟ್ಟ ಮಾದರಿಗಳನ್ನು ನಿಲ್ಲಿಸಿ ಗಾಳಿಯ ಬಲವನ್ನು ಅಳೆಯಲಾಗಿದೆ. ತೇಜಸ್ ವಿಮಾನವು 2001ರಲ್ಲಿ ಬೆಂಗಳೂರಿನ ಆಕಾಶಕ್ಕೆ ಏರುವ ಮೊದಲು ಅದರ ಮಾದರಿಗಳೂ ಹೀಗೆಯೇ ಸುರಂಗದ ಗಾಳಿಯನ್ನು ಎದುರಿಸಿದ್ದುವು. ಸೈಕಲ್ ಅಂಗಡಿಯ ಮರದ ಪೆಟ್ಟಿಗೆಗೂ ಆ ಉಕ್ಕಿನ ಸುರಂಗಕ್ಕೂ ಗಾತ್ರದಲ್ಲಿ ಅಂತರವುಂಟೇ ಹೊರತು ಕೆಲಸದಲ್ಲಿ ಇಲ್ಲ. ಎನ್.ಸಿ.ಸಿ.ಯ ವಾಯು ವಿಭಾಗದಲ್ಲಿ ಮಾದರಿ ವಿಮಾನದ ರಚನೆಯು ತರಬೇತಿಯ ಒಂದು ಅಂಗವಾಗಿ ನಡೆದುಬಂದಿದೆ. ಆದರೆ ಆ ಅವಕಾಶವು ದೊರೆಯುವುದು ಕೆಲವರಿಗೆ. ಯಲಹಂಕದ ವೈಮಾನಿಕ ಪ್ರದರ್ಶನದಲ್ಲಿ ಕತ್ತೆತ್ತಿ ನೋಡಿ ಚಪ್ಪಾಳೆ ತಟ್ಟುವ ಮಕ್ಕಳಲ್ಲಿ ಬಹುಪಾಲು ಮಂದಿ ಒಂದು ಕಾಗದದ ರೆಕ್ಕೆಯ ಸಮತೋಲವನ್ನೂ ಬೆರಳಿನ ಮೇಲೆ ನೋಡಿದವರಲ್ಲ.

ಇದಕ್ಕೆ ಹೊಸ ಪಠ್ಯಕ್ರಮವೇನೂ ಬೇಡ. ವಿಜ್ಞಾನ ಪ್ರದರ್ಶನದ ಅಂಕಗಳನ್ನು ಹಂಚುವ ಬಗೆಯನ್ನು ಬದಲಿಸಿದರೆ ಅರ್ಧ ಕೆಲಸ ಆದಂತೆ. ಮೇಜಿನ ಮೇಲಿನ ಮಾದರಿಯ ಅಂದಕ್ಕೆ ಕಡಮೆ, ಅದರ ಪಕ್ಕದಲ್ಲಿರುವ ನೋಟುಪುಸ್ತಕಕ್ಕೆ ಹೆಚ್ಚು ಅಂಕಗಳಿರಲಿ. ಎಷ್ಟು ಸಲ ಮುರಿಯಿತು, ಎಲ್ಲಿ ಮುರಿಯಿತು, ಮುಂದಿನ ಸಲ ಏನನ್ನು ಬದಲಿಸಿದರು ಎಂಬುದು ಆ ಪುಸ್ತಕದಲ್ಲಿರಲಿ. ಹಾರದೆ ಹೋದ ವಿಮಾನಕ್ಕೂ, ಅದು ಏಕೆ ಹಾರಲಿಲ್ಲವೆಂದು ತಿಳಿಸುವ ನೋಟುಪುಸ್ತಕವಿದ್ದರೆ, ಬಹುಮಾನ ಬರಲಿ.

ಹಾರಿಸುವುದಕ್ಕೆ ಬೆಳಗಿನ ಹೊತ್ತು ಮೇಲು. ಬಿಸಿಲೇರಿದಂತೆ ನೆಲವು ಕಾದು ಗಾಳಿಯು ಚಂಚಲವಾಗುತ್ತದೆ. ಊರಾಚೆಯ ಬಯಲಿನಲ್ಲಿ, ಹುಲ್ಲಿನ ಮೇಲೆ ಇನ್ನೂ ಇಬ್ಬನಿಯಿರುವಾಗ, ನಾಲ್ವರಲ್ಲಿ ಒಬ್ಬಳು ವಿಮಾನವನ್ನು ಎಸೆಯುತ್ತಾಳೆ. ಒಬ್ಬನು ರೇಡಿಯೊವನ್ನು ಹಿಡಿದಿರುತ್ತಾನೆ. ದೂರ ಹೋಗುವಾಗ ಎಡಕ್ಕೆ ತಿರುಗಿಸಿದರೆ ಎಡಕ್ಕೇ ತಿರುಗುವ ವಿಮಾನವು ತನ್ನ ಕಡೆಗೆ ಮರಳಿ ಬರುವಾಗ ಬಲಕ್ಕೆ ತಿರುಗಿದಂತೆ ಕಾಣಿಸಿ ಆತನು ತಬ್ಬಿಬ್ಬಾಗುತ್ತಾನೆ. ಮೂರನೆಯವನು ಗಡಿಯಾರವನ್ನು ನೋಡುತ್ತಿರುತ್ತಾನೆ. ನಾಲ್ಕನೆಯವಳ ಕೈಯಲ್ಲಿ ನೋಟುಪುಸ್ತಕವಿದೆ. ಎಸೆತದ ಸಂಖ್ಯೆ, ಬ್ಯಾಟರಿಯಿದ್ದ ಜಾಗ, ಹಾರಿದ ಸೆಕೆಂಡುಗಳು, ಬಿದ್ದ ಬಗೆ ಎಂದು ನಾಲ್ಕು ಮನೆಗಳನ್ನು ಎಳೆದುಕೊಂಡಿದ್ದಾಳೆ. ಐದನೆಯ ಮನೆಗೆ ಆಕೆ ಇನ್ನೂ ಹೆಸರಿಟ್ಟಿಲ್ಲ. ವಿಮಾನವು ಬೇಲಿಯಾಚೆ ಬಿದ್ದಿದೆ, ಅದನ್ನು ತಂದು ನೋಡಿದ ಮೇಲೆ ಬರೆಯಬೇಕು.